53ಕ್ಕೆ ಶುರು ಮಾಡಿದ ಐದನೇ ಭಾಷೆ: ನನ್ನ ಜಪಾನೀಸ್ ಪರೀಕ್ಷೆಯ ಕತೆ

ಹೋದ ವಾರ ಲಕೋಟೆ ಬಂತು. ಒಳಗೆ ನಾನು ಕಾಯುತ್ತಿದ್ದ ಹಾಳೆ. ಜಪಾನೀಸ್ ಭಾಷಾ ಸಾಮರ್ಥ್ಯ ಪರೀಕ್ಷೆ, ಅಂದರೆ ಎಲ್ಲರೂ ಜೆಎಲ್‌ಪಿಟಿ ಅಂತ ಕರೆಯುವ ಪರೀಕ್ಷೆ, ಎನ್4 ಮಟ್ಟ, ಪಾಸು. ಐದು ಮೆಟ್ಟಿಲುಗಳಲ್ಲಿ ಇದು ಕೆಳಗಿನಿಂದ ಎರಡನೆಯದು. ಬೀಗುವಂಥದ್ದೇನೂ ಅಲ್ಲ. ಆದರೆ ಈ ಒಂದು ಹಾಳೆಗೆ ಎರಡೂವರೆ ವರ್ಷ, ಒಂದು ಫೇಲು ಮತ್ತು ಹತ್ತಿರ ಹತ್ತಿರ 500 ಗಂಟೆ ಹಿಡಿಯಿತು. ಶುರು ಮಾಡಿದಾಗ ನನಗೆ 53. ಎಡವಿದ ಕಲ್ಲುಗಳೆಲ್ಲ ಇನ್ನೂ ನೆನಪಿವೆ, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಈ 'ಬರೆದಿಡು' ಅನ್ನೋ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ.

ಶುರು ಮಾಡಿದ್ದು ಯಾಕೆ ಅಂದರೆ, ನಿಜ ಹೇಳಬೇಕು, ಭಯಕ್ಕೆ. ನನ್ನ ಅಮ್ಮನಿಗೆ ಕೊನೆಯ ವರ್ಷಗಳಲ್ಲಿ ಮರೆವು ಜಾಸ್ತಿಯಾಗಿತ್ತು. ನನ್ನನ್ನೇ ಯಾರೋ ಅಂದುಕೊಂಡು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಹೊಸ ಭಾಷೆ ಕಲಿತರೆ ಈ ಕಾಯಿಲೆ ಹತ್ತಿರ ಬರಲ್ಲ ಅಂತ ಎಲ್ಲೋ ಓದಿದೆ. ಓದಿದ ವಾರವೇ ಆನ್‌ಲೈನ್ ತರಗತಿಗೆ ದುಡ್ಡು ಕಟ್ಟಿದೆ. ಜಪಾನೀಸೇ ಯಾಕೆ ಅಂದರೆ, ಮಗಳು ಕಾಲೇಜಿನಲ್ಲಿದ್ದಾಗ ಕೊಂಡು, ಮೂರನೇ ಪಾಠಕ್ಕೇ ಕೈಬಿಟ್ಟ ಪುಸ್ತಕ ಮನೆಯಲ್ಲಿ ಬಿದ್ದಿತ್ತು. ಅಷ್ಟೇ ಕಾರಣ.

ದುಡ್ಡು ಕಟ್ಟಿದ ಮೇಲೆ ಸಮಾಧಾನವಾಗಿ ಮೂಲ ಹುಡುಕಿದೆ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದ್ದ 648 ಜನರ ವಿವರ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು. ಗಮನಿಸಿ, ತಡವಾಗಿ ಬಂದಿತ್ತು ಅಂತ ಮಾತ್ರ. ಬರಲೇ ಇಲ್ಲ ಅಂತ ಅಲ್ಲ. ಅದೇ ಬರಹದಲ್ಲಿ ಇನ್ನೊಂದು ಸಾಲಿತ್ತು: ಎರಡಕ್ಕಿಂತ ಜಾಸ್ತಿ ಭಾಷೆ ಬಂದರೆ ಇನ್ನೂ ಜಾಸ್ತಿ ಲಾಭ ಅಂತೇನೂ ಕಾಣಲಿಲ್ಲ.

ನನಗೆ ಆಗಲೇ ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ಬರುತ್ತಿತ್ತು. ಅಂದರೆ ನಾನು ಕಟ್ಟಬೇಕಿದ್ದ ಕಂತು ಎಲ್ಲ ಬಾಲ್ಯದಲ್ಲೇ ಕಟ್ಟಿಯಾಗಿತ್ತು! ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ತರಗತಿಯವರು ದುಡ್ಡು ವಾಪಸ್ ಕೊಡುವುದಿಲ್ಲ ಅಂತ ಮೊದಲೇ ಹೇಳಿದ್ದರು. ಹಾಗಾಗಿ ಕಲಿತೆ.

ಮೊದಲ ತಿಂಗಳು ಲಿಪಿ. ಹಿರಗಾನ ಅನ್ನುವ ಲಿಪಿಯಲ್ಲಿ ಮೂಲ ಅಕ್ಷರ 46, ಕತಕಾನ ಅನ್ನುವ ಇನ್ನೊಂದರಲ್ಲಿ ಮತ್ತೆ 46. ಎರಡೂ ಅದೇ ಉಚ್ಚಾರಣೆಗೆ. ಎರಡನೆಯದನ್ನು ಹೆಚ್ಚಾಗಿ ಹೊರಗಿನಿಂದ ಬಂದ ಪದಗಳಿಗೆ ಬಳಸುತ್ತಾರೆ. ಹೆದರಿಕೊಂಡೇ ಪಟ್ಟಿ ತೆಗೆದೆ. ಅ ಇ ಉ ಎ ಒ ಅಂತ ಶುರುವಾಯಿತು. ಸಾಲುಗಳು ಹೀಗೆ: ಅ, ಕ, ಸ, ತ, ನ, ಹ, ಮ, ಯ, ರ, ವ. ಎರಡು ಸಲ ಓದಿಕೊಂಡೆ. ಇದು ನಮ್ಮ ಅಆಇಈ, ಕಖಗಘ ಅಲ್ವಾ! ಸ್ವರ ಮೊದಲು, ಆಮೇಲೆ ಗಂಟಲಿನಿಂದ ಶುರುವಾಗಿ ತುಟಿಯ ಕಡೆಗೆ ಬರುವ ವ್ಯಂಜನ, ಕೊನೆಗೆ ಯರಲವ. ಹ ಇರುವ ಜಾಗದಲ್ಲಿ ಹಿಂದೆ ಪ ಇತ್ತಂತೆ. ನಮ್ಮಲ್ಲಿ ಹಳಗನ್ನಡದ 'ಪಾಲ್' ಹಾಲಾದ ಹಾಗೆ ಅವರಲ್ಲೂ ಪ ಹೋಗಿ ಹ ಆಗಿದೆ. ಅಲ್ಲಿನ ಬೌದ್ಧ ಭಿಕ್ಷುಗಳು ಸಂಸ್ಕೃತದ ಅಕ್ಷರಗಳನ್ನು ಸಿದ್ಧಂ ಅನ್ನುವ ಹಳೇ ಭಾರತೀಯ ಲಿಪಿಯಲ್ಲಿ ಕಲಿಯುತ್ತಿದ್ದರು, ಆ ಜೋಡಣೆಯೇ ಜಪಾನೀಸ್ ಪಟ್ಟಿಗೂ ಬಂದದ್ದು. ಇವತ್ತಿಗೂ ಅವರ ನಿಘಂಟುಗಳು ಇದೇ ಕ್ರಮದಲ್ಲಿವೆ. ನಾನು ಒಂದನೇ ತರಗತಿಯಲ್ಲಿ ಸ್ಲೇಟಿನ ಮೇಲೆ ತಿದ್ದಿದ್ದು ಇಷ್ಟು ವರ್ಷ ಆದ ಮೇಲೆ ಹೀಗೆ ಉಪಯೋಗಕ್ಕೆ ಬಂತು.

ಇದರ ಖುಷಿಯಲ್ಲೇ ಮೊದಲ ದೊಡ್ಡ ತಪ್ಪು ಮಾಡಿದೆ. ಜಪಾನೀಸ್ ಪದಗಳು ಕನ್ನಡ ಲಿಪಿಗೆ ಚೆನ್ನಾಗಿ ಕೂತುಕೊಳ್ಳುತ್ತವೆ. ಹಾಗಾಗಿ ಮೂರು ತಿಂಗಳು ನೋಟ್ಸ್ ಎಲ್ಲ ಕನ್ನಡದಲ್ಲೇ ಬರೆದುಕೊಂಡೆ. ಪದ ಬಾಯಿಗೆ ಬಂತು, ಕಣ್ಣಿಗೆ ಬರಲಿಲ್ಲ. ಪುಸ್ತಕ ತೆಗೆದರೆ ಗೊತ್ತಿರುವ ಪದವನ್ನೂ ಅಕ್ಷರ ಕೂಡಿಸಿಕೊಂಡು ಓದಬೇಕು. ಮತ್ತೆ ಮೊದಲಿನಿಂದ ಬರೆದೆ. ನೀವು ಯಾವ ಹೊಸ ಲಿಪಿಯ ಭಾಷೆ ಕಲಿತರೂ ಎರಡನೇ ವಾರಕ್ಕೇ ನಿಮ್ಮ ಲಿಪಿಯ ಊರುಗೋಲು ಬಿಸಾಕಿ. ಬೇಜಾರಾಗುತ್ತದೆ, ಆದರೂ ಬಿಸಾಕಿ.

ಕಿವಿಯ ವಿಷಯದಲ್ಲಿ ಮಾತ್ರ ಕನ್ನಡದವರಿಗೆ ಪುಕ್ಕಟೆ ಲಾಭ. ಜಪಾನೀಸಿನಲ್ಲಿ ಹ್ರಸ್ವ ದೀರ್ಘ, ಒತ್ತಕ್ಷರ ತಪ್ಪಿದರೆ ಅರ್ಥ ಬದಲಾಗುತ್ತದೆ. 'ಒಬಸಾನ್' ಅಂದರೆ ಅತ್ತೆ ಚಿಕ್ಕಮ್ಮನ ವಯಸ್ಸಿನವರು, 'ಒಬಾಸಾನ್' ಅಂದರೆ ಅಜ್ಜಿ. 'ಕಿತೆ' ಅಂದರೆ ಬಂದು, 'ಕಿತ್ತೆ' ಅಂದರೆ ಅಂಚೆ ಚೀಟಿ. ನನ್ನ ಇಂಗ್ಲಿಷ್ ಪುಸ್ತಕ ಇದಕ್ಕೆ ಎರಡು ಪುಟ ಎಚ್ಚರಿಕೆ ಕೊಟ್ಟಿತ್ತು. ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರುವವರಿಗೆ ಅದೆಲ್ಲ ಬೇಕಾಗಿಲ್ಲ. ಕತ್ತೆ ಅಂದಾಗ ನೆನಪಾಯಿತು. 'ಕತ್ತೆ ಕುದಸಾಯ್' ಅಂದರೆ ದಯವಿಟ್ಟು ಕೊಂಡುಕೊಳ್ಳಿ ಅಂತ. ಒಂದು ಸಂಜೆ ಇದನ್ನೇ ಹತ್ತಿಪ್ಪತ್ತು ಸಲ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಒಳಗಿನಿಂದ ಮಗಳು, "ಅಮ್ಮಾ, ಯಾರನ್ನ ಅಷ್ಟು ಹೊತ್ತಿಂದ ಕತ್ತೆ ಅಂತಿದ್ದೀಯಾ?"

ನಾಲ್ಕನೇ ತಿಂಗಳ ಹೊತ್ತಿಗೆ ಒಂದು ವಿಚಿತ್ರ ಶುರುವಾಯಿತು. ಜಪಾನೀಸ್ ಪದಕ್ಕೆ ತಡಕಾಡಿದರೆ ಬಾಯಿಗೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷೂ ಬರುತ್ತಿರಲಿಲ್ಲ. ತೆಲುಗು ಬರುತ್ತಿತ್ತು! ಹತ್ತು ವರ್ಷದ ತನಕ ಪಕ್ಕದ ಮನೆಯ ಮಕ್ಕಳ ಜೊತೆ ಆಡಿ ಬಂದಿದ್ದ ತೆಲುಗು, ಮರೆತೇ ಹೋಗಿದೆ ಅಂದುಕೊಂಡಿದ್ದ ತೆಲುಗು. ತರಗತಿಯಲ್ಲಿ "ಹೋಗೋಕೆ ಆಸೆ, ಆದರೆ ಸಮಯ ಇಲ್ಲ" ಅನ್ನಬೇಕಿತ್ತು. 'ಆದರೆ'ಗೆ ಜಪಾನೀಸಿನಲ್ಲಿ 'ದೆಮೊ'. ನನ್ನ ಬಾಯಿಂದ ಬಂದಿದ್ದು ತೆಲುಗಿನ 'ಕಾನಿ'. ಜಪಾನೀಸಿನಲ್ಲಿ 'ಕನಿ' ಅಂದರೆ ಏಡಿ. ಟೀಚರ್ ಅರ್ಧ ನಿಮಿಷ ಸುಮ್ಮನಿದ್ದು, "ಯಾವ ಏಡಿ?" ಅಂತ ಕೇಳಿದರು.

ನನಗೆ ಗಾಬರಿಯಾಗಿತ್ತು, ಮರೆವು ಶುರುವಾಯಿತೇನೋ ಅಂತ. ಆಮೇಲೆ ತಿಳಿಯಿತು, ಇದು ಬಹಳ ಜನಕ್ಕೆ ಆಗುತ್ತದೆ. ತಲೆಯಲ್ಲಿ ತಾಯಿನುಡಿಗೆ ಒಂದು ಕೋಣೆ, ಉಳಿದ ಭಾಷೆಗಳಿಗೆಲ್ಲ ಸೇರಿ ಇನ್ನೊಂದು ಕೋಣೆ ಇದ್ದ ಹಾಗೆ. ಹೊಸದನ್ನು ತರಲು ಹೋದಾಗ ಕತ್ತಲಲ್ಲಿ ಹಳೆಯದು ಕೈಗೆ ಸಿಗುತ್ತದೆ. ಕೆಲವು ತಿಂಗಳಿಗೆ ತಾನಾಗೇ ಸರಿಹೋಯಿತು. ಜೊತೆಗೆ ತೆಲುಗೂ ಎದ್ದು ಕೂತಿತು. ಈಗ ತೆಲುಗಿನವರು ಸಿಕ್ಕರೆ ನಾನೇ ಮೊದಲು ಮಾತು ತೆಗೆಯುತ್ತೇನೆ. ಹೊಸ ಭಾಷೆ ಕಲಿಯಲು ಹೋಗಿ ಹಳೆಯದು ವಾಪಸ್ ಸಿಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಇನ್ನು ಕಾಂಜಿ. ಚೀನಾದಿಂದ ಬಂದ ಚಿತ್ರಾಕ್ಷರಗಳು. ಜಪಾನಿನಲ್ಲಿ ದಿನಬಳಕೆಗೆ ಅಂತ ಸರ್ಕಾರ ಗೊತ್ತುಮಾಡಿದ ಪಟ್ಟಿಯಲ್ಲೇ 2,136 ಇವೆ. ಎನ್4ಗೆ ಸುಮಾರು 300 ಸಾಕು ಅನ್ನುತ್ತಾರೆ. ಈಗ ಅಧಿಕೃತ ಪಟ್ಟಿ ಅಂತ ಕೊಡುವುದಿಲ್ಲ, ಹಾಗಾಗಿ ಯಾರಾದರೂ "ಇಷ್ಟೇ ಬರುತ್ತೆ" ಅಂತ ಮಾರಿದರೆ ನಂಬಬೇಡಿ. ನನ್ನ ಶತ್ರುಗಳು ಒಂದೇ ಮನೆಯವರು. 'ದೇವಸ್ಥಾನ' ಅನ್ನುವ ಅಕ್ಷರ ಒಂದಿದೆ. ಅದರ ಎಡಕ್ಕೆ ಸೂರ್ಯ ಬರೆದರೆ 'ಸಮಯ'. ಕೈ ಬರೆದರೆ 'ಹಿಡಿ', ಅಂದರೆ ಮೊತ್ಸು. ಹೆಜ್ಜೆಯ ಗುರುತು ಬರೆದರೆ 'ಕಾಯು', ಅಂದರೆ ಮತ್ಸು. ಹಸು ಬರೆದರೆ 'ವಿಶೇಷ'. ಚಿಕ್ಕ ಅಕ್ಷರದಲ್ಲಿ ಕೈಯೂ ಹೆಜ್ಜೆಯೂ ನನ್ನ ಹಳೇ ಕನ್ನಡಕಕ್ಕೆ ಒಂದೇ ಥರ. ಕನ್ನಡಕ ಬದಲಾಯಿಸಬೇಕಾಯಿತು. ಖರ್ಚಿನ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ. ನೆನಪಿಗೆ ಆಂಕಿ ಅನ್ನುವ ಆ್ಯಪ್ ಬಳಸಿದೆ. ಒಂದೊಂದು ಅಕ್ಷರಕ್ಕೂ ಒಂದು ಚೀಟಿ, ಮರೆಯುವ ಹೊತ್ತಿಗೆ ಸರಿಯಾಗಿ ಆ ಚೀಟಿಯನ್ನು ಮತ್ತೆ ಮುಂದೆ ಹಿಡಿಯುತ್ತದೆ. 'ಆಂಕಿ' ಅಂದರೇ ಜಪಾನೀಸಿನಲ್ಲಿ ಬಾಯಿಪಾಠ ಅಂತ. ದಿನಕ್ಕೆ ಹೊಸದು ಐದಕ್ಕಿಂತ ಜಾಸ್ತಿ ಹಾಕಿಕೊಳ್ಳಬೇಡಿ. ನಾನು ಉತ್ಸಾಹದಲ್ಲಿ ಇಪ್ಪತ್ತು ಹಾಕಿಕೊಂಡು, ಎರಡೇ ವಾರಕ್ಕೆ ದಿನಾ 300 ಚೀಟಿ ಸಾಲ ತೀರಿಸುವ ಪಾಡಾಯಿತು.

ಈಗ ನನ್ನ ಪಾಲಿಗೆ ಎಲ್ಲ ತಿರುಗಿದ ಜಾಗಕ್ಕೆ ಬರುತ್ತೇನೆ. ಒಂದು ವರ್ಷವಾಗಿತ್ತು. ವ್ಯಾಕರಣ ತಲೆಗೆ ಹತ್ತುತ್ತಿರಲಿಲ್ಲ. ಪುಸ್ತಕದಲ್ಲಿ 'ತೆ ಶಿಮವು' ಅನ್ನುವ ಪ್ರಯೋಗಕ್ಕೆ ಒಂದೂವರೆ ಪುಟ ವಿವರಣೆ. ಕೆಲಸ ಪೂರ್ತಿಯಾಗಿ ಮುಗಿಯಿತು ಅನ್ನುವ ಅರ್ಥ ಒಮ್ಮೆ, ಅಯ್ಯೋ ಹಾಗಾಗಬಾರದಿತ್ತು ಅನ್ನುವ ಅರ್ಥ ಇನ್ನೊಮ್ಮೆ, ಸಂದರ್ಭ ನೋಡಿ ತಿಳಿದುಕೊಳ್ಳಿ ಅಂತ. ಇಂಗ್ಲಿಷಿನಲ್ಲಿ ನಾಲ್ಕು ಸಲ ಓದಿದೆ. ಉದಾಹರಣೆ ಹೀಗಿತ್ತು: 'ತಬೆತೆ ಶಿಮತ್ತ'. ತಬೆತೆ ಅಂದರೆ ತಿಂದು. ಬೇಸತ್ತು ಪುಸ್ತಕ ಮುಚ್ಚುವಾಗ ನನ್ನಷ್ಟಕ್ಕೆ ಅಂದುಕೊಂಡೆ, ತಿಂದುಬಿಟ್ಟೆ ಅನ್ನೋಕೆ ಇಷ್ಟೊಂದು ರಾಮಾಯಣವಾ?

ಅಂದವಳು ಹಾಗೇ ಕೂತೆ. ತಿಂದುಬಿಟ್ಟೆ. ಬಿದ್ದುಬಿಟ್ಟೆ. ಮರೆತುಬಿಟ್ಟೆ. ಮುಗಿಸಿಬಿಟ್ಟೆ. ಒಂದೂವರೆ ಪುಟ ಹೇಳಲು ಒದ್ದಾಡುತ್ತಿದ್ದದ್ದು ಇಷ್ಟೇ. ಪುಸ್ತಕ ಮತ್ತೆ ತೆಗೆದೆ. 'ಯತ್ತೆ ಮಿರು': ಯತ್ತೆ ಅಂದರೆ ಮಾಡಿ, ಮಿರು ಅಂದರೆ ನೋಡು. ಮಾಡಿ ನೋಡು! ಕಣ್ಣಿಂದ ನೋಡೋದಲ್ಲ, ಪ್ರಯತ್ನ ಮಾಡು ಅಂತ. ಇಂಗ್ಲಿಷಿನವರಿಗೆ ಈ 'ನೋಡು' ಇಲ್ಲಿಗೆ ಯಾಕೆ ಬಂತು ಅಂತ ವಿವರಿಸಬೇಕು, ನಮಗೆ ಬೇಡ. 'ಕೈತೆ ಒಕು': ಕೈತೆ ಅಂದರೆ ಬರೆದು, ಒಕು ಅಂದರೆ ಇಡು. ಬರೆದಿಡು. ಮುಂದೆ ಬೇಕಾಗುತ್ತೆ ಅಂತ ಈಗಲೇ ಮಾಡುವುದು. 'ಮೊತ್ತೆ ಇಕು' ಅಂದರೆ ಹಿಡಿದುಕೊಂಡು ಹೋಗು, 'ಮೊತ್ತೆ ಕುರು' ಅಂದರೆ ಹಿಡಿದುಕೊಂಡು ಬಾ. 'ಕಿನೋ ಯೊಂದ ಹೊನ್': ನಿನ್ನೆ, ಓದಿದ, ಪುಸ್ತಕ. ಪದ ಪದಕ್ಕೆ ಹೊಂದುತ್ತದೆ, ಒಂದನ್ನೂ ಅತ್ತಿತ್ತ ಸರಿಸಬೇಕಾಗಿಲ್ಲ. ಬೇರೆಯವರ ಮಾತು ಹೇಳುವಾಗ ನಾವು 'ಅಂತ' ಹಾಕುವಲ್ಲಿ ಅವರು 'ತೊ' ಹಾಕುತ್ತಾರೆ. ನಾವು ಒಂದು, ಎರಡು ಬಿಟ್ಟು ಜನಕ್ಕೆ ಒಬ್ಬ, ಇಬ್ಬರು ಅನ್ನುವ ಹಾಗೆ ಅವರು ಹಿತೊತ್ಸು, ಫುತತ್ಸು ಬಿಟ್ಟು ಹಿತೊರಿ, ಫುತರಿ ಅನ್ನುತ್ತಾರೆ. ಕ್ರಿಯಾಪದ ಕೊನೆಗೆ. ವಿಭಕ್ತಿ ಪದದ ಹಿಂದೆ.

ಒಂದು ವರ್ಷ ನಾನು ಮಾಡಿದ ತಪ್ಪು ಇದೇ. ಪುಸ್ತಕ ಇಂಗ್ಲಿಷಿನಲ್ಲಿದೆ ಅಂತ ತಲೆಯೂ ಇಂಗ್ಲಿಷಿನಲ್ಲಿ ಓಡುತ್ತಿತ್ತು. ಕನ್ನಡದಿಂದ ಇಂಗ್ಲಿಷಿಗೆ, ಅಲ್ಲಿಂದ ಜಪಾನೀಸಿಗೆ. ಎರಡು ಸಲ ತಲೆಕೆಳಗಾಗಿ ನಡೆದು ಮತ್ತೆ ಇದ್ದಲ್ಲಿಗೇ ಬರುವುದು. ಅವತ್ತಿನಿಂದ ಇಂಗ್ಲಿಷಿನ ವಿವರಣೆ ಬಿಟ್ಟು, ಉದಾಹರಣೆಗಳನ್ನು ಮಾತ್ರ ನೋಡಿ ಪಕ್ಕದಲ್ಲಿ ಕನ್ನಡ ಬರೆದೆ. ನಿಮ್ಮ ಕೈಲಿ ಬೇರೆ ಬೇರೆ ಭಾಷೆ ಇದ್ದರೆ, ಹೊಸದಕ್ಕೆ ಯಾವುದು ಹತ್ತಿರ ಅಂತ ಮೊದಲು ನೋಡಿ. ಪುಸ್ತಕದ ಭಾಷೆಯೇ ಸೇತುವೆ ಆಗಬೇಕು ಅಂತೇನಿಲ್ಲ.

ಇದನ್ನು ಓದಿ ಯಾರಾದರೂ ಕನ್ನಡವೂ ಜಪಾನೀಸೂ ಅಕ್ಕತಂಗಿಯರು ಅಂತ ಹೊರಡಬೇಡಿ. ಸುಸುಮು ಓನೊ ಅನ್ನುವ ಜಪಾನಿನ ವಿದ್ವಾಂಸರು ಜಪಾನೀಸಿಗೂ ತಮಿಳಿಗೂ ನಂಟಿದೆ ಅಂತ ಬಹಳ ವಾದ ಮಾಡಿದ್ದರು. ಹೆಚ್ಚಿನ ಭಾಷಾಶಾಸ್ತ್ರಜ್ಞರು ಒಪ್ಪಿಲ್ಲ. ಸಂಬಂಧವಿಲ್ಲದ ಇಬ್ಬರು ಒಂದೇ ಥರ ಮನೆ ಕಟ್ಟಿಕೊಳ್ಳಬಹುದು. ಕಲಿಯುವವಳಿಗೆ ಮನೆಯ ನಕ್ಷೆ ಒಂದೇ ಥರ ಇದ್ದರೆ ಸಾಕು, ರಕ್ತಸಂಬಂಧ ಕಟ್ಟಿಕೊಂಡು ಏನಾಗಬೇಕು?

ನಂಬಿ ಕೆಟ್ಟದ್ದೂ ಇದೆ. ಫೋನಿನಲ್ಲಿ "ಬರ್ತಾ ಇದ್ದೀನಿ" ಅಂತೀವಲ್ಲ, ಜಪಾನೀಸಿನಲ್ಲಿ ಅಲ್ಲಿ "ಹೋಗ್ತಾ ಇದ್ದೀನಿ" ಅನ್ನಬೇಕು. ನಾನಿರುವ ಜಾಗದಿಂದ ನಾನು ಹೋಗುವುದು. ಕೇಳುವವರ ಕಡೆಯಿಂದ ನೋಡಿ 'ಬರ್ತೀನಿ' ಅನ್ನುವ ಸೌಜನ್ಯ ಅಲ್ಲಿ ನಡೆಯಲ್ಲ. ನಮಗೆ 'ಕೊಡು' ಒಂದೇ. ಅವರಿಗೆ ನಾನು ಕೊಟ್ಟರೆ ಒಂದು ಪದ, ನನಗೆ ಕೊಟ್ಟರೆ ಇನ್ನೊಂದು. ಸಂಖ್ಯೆಯಂತೂ ಕೇಳಲೇಬೇಡಿ. ಅವರು ಹತ್ತು ಸಾವಿರಕ್ಕೆ 'ಮಾನ್' ಅಂತ ಒಂದು ಗಂಟು ಕಟ್ಟುತ್ತಾರೆ. ನಮ್ಮ ಒಂದು ಲಕ್ಷ ಅವರಿಗೆ ಹತ್ತು ಮಾನ್. ನಾನು ಮನಸ್ಸಿನಲ್ಲಿ ಲೆಕ್ಕ ಹಾಕುವಷ್ಟರಲ್ಲಿ ಅವರು ಮುಂದಿನ ವಾಕ್ಯ ಮುಗಿಸಿರುತ್ತಾರೆ.

ಪರೀಕ್ಷೆಯ ವಿಷಯ. ಇದು 1984ರಿಂದ ನಡೆಯುತ್ತಿದೆ, ಈಗಿನ ಐದು ಮಟ್ಟದ ರೂಪ 2010ರಿಂದ. ವರ್ಷಕ್ಕೆ ಎರಡೇ ಸಲ, ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ. ಎಲ್ಲ ಊರಲ್ಲೂ ಎರಡೂ ಸಲ ಇರುವುದಿಲ್ಲ. ಎನ್5 ಬರೆಯದೆ ನೇರ ಎನ್4 ಬರೆಯಬಹುದು, ನಾನು ಹಾಗೇ ಮಾಡಿದೆ. ಅರ್ಜಿ ಕರೆಯುವುದು ಪರೀಕ್ಷೆಗೆ ಮೂರು ನಾಲ್ಕು ತಿಂಗಳು ಮುಂಚೆ. ಇಲ್ಲೇ ನಾನು ಎಡವಿದ್ದು. 2024ರ ಜುಲೈಗೆ ಬರೆಯೋಣ ಅಂತಿದ್ದೆ. ಅರ್ಜಿ ಶುರುವಾದ ದಿನ ವೆಬ್‌ಸೈಟ್ ತೆರೆಯಲೇ ಇಲ್ಲ. ರಾತ್ರಿಯಾಯಿತು, ನಾಳೆ ನೋಡೋಣ ಅಂತ ಮಲಗಿದೆ. ಬೆಳಿಗ್ಗೆ ಎದ್ದರೆ ನನ್ನ ಮಟ್ಟದ ಸೀಟೆಲ್ಲ ಭರ್ತಿ. ಆರು ತಿಂಗಳು ಸುಮ್ನೆ ಕಾಯಬೇಕಾಯಿತು. ಫೋಟೊ, ಗುರುತಿನ ಚೀಟಿಯ ಪ್ರತಿ, ಹಣ ಕಟ್ಟುವ ಕಾರ್ಡು, ಎಲ್ಲ ಹಿಂದಿನ ದಿನವೇ ತಯಾರು ಮಾಡಿಟ್ಟುಕೊಳ್ಳಿ. ಮೊದಲ ದಿನವೇ ಮುಗಿಸಿ.

ಹೆಸರಿನದ್ದು ಇನ್ನೊಂದು ತಲೆನೋವು. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬಿಡಿಸಿ ಬರೆದಿರುತ್ತಾರೆ. ನಾನು ಅರ್ಜಿಯಲ್ಲಿ ಚಿಕ್ಕದಾಗಿ ಬರೆದಿದ್ದೆ, ಗುರುತಿನ ಚೀಟಿಯಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು. ಪರೀಕ್ಷೆಯ ದಿನ ಗೇಟಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದರು. ಯಾರೋ ಹಿರಿಯರು ಬಂದು ಫೋಟೊ ನೋಡಿ ಬಿಟ್ಟರು. ಅಷ್ಟರಲ್ಲಿ ನನ್ನ ಕೈ ನಡುಗುತ್ತಿತ್ತು. ಅರ್ಜಿಯಲ್ಲಿ ಬರೆದದ್ದೇ ಪ್ರಮಾಣಪತ್ರದಲ್ಲೂ ಬರುತ್ತದೆ, ನೆನಪಿರಲಿ.

ಒಳಗೆ ಹೋದೆ. ಕೋಣೆಯಲ್ಲಿ ಎಲ್ಲ ನನ್ನ ಮಗಳ ವಯಸ್ಸಿನವರು. ಮೇಲ್ವಿಚಾರಕ ಹುಡುಗ ಬಂದು ಮೆತ್ತಗೆ, "ಮೇಡಂ, ಪೇರೆಂಟ್ಸ್ ಹೊರಗೆ ಕಾಯ್ಬೇಕು" ಅಂದ. ಹಾಲ್ ಟಿಕೆಟ್ ತೋರಿಸಿದೆ. ಪಾಪ, ಅವನ ಮುಖ ಕೆಂಪಾಯಿತು.

ಪೆನ್ನು ನಡೆಯಲ್ಲ, ಎಚ್‌ಬಿ ಪೆನ್ಸಿಲ್ ಬೇಕು. ಎರಡು ಮೂರು ಇಟ್ಟುಕೊಳ್ಳಿ. ಫೋನ್ ಬಂದ್ ಮಾಡಬೇಕು. ಎನ್4ಗೆ ಪದ ಮತ್ತು ಕಾಂಜಿಗೆ 25 ನಿಮಿಷ, ವ್ಯಾಕರಣ ಮತ್ತು ಓದಿಗೆ 55, ಕೇಳುವುದಕ್ಕೆ 35. ಎಲ್ಲ ಆಯ್ಕೆಯ ಪ್ರಶ್ನೆಗಳೇ. ಮಾತಾಡುವ ಪರೀಕ್ಷೆ ಇಲ್ಲ, ಬರೆಯುವುದೂ ಇಲ್ಲ. ಭಾಷೆಯ ಪರೀಕ್ಷೆಯಲ್ಲಿ ಬಾಯಿಗೇ ಕೆಲಸವಿಲ್ಲ ಅನ್ನುವುದು ನನಗೆ ಇವತ್ತಿಗೂ ಅರಗಿಲ್ಲ.

ಮೊದಲೆರಡು ಭಾಗ ಪರವಾಗಿಲ್ಲ ಅನಿಸಿತು. 'ಕಾಯು', 'ಹಿಡಿ' ಇಬ್ಬರೂ ಬಂದಿದ್ದರು. ಹೊಸ ಕನ್ನಡಕ ಸಾರ್ಥಕವಾಯಿತು. ಕೇಳುವ ಭಾಗದಲ್ಲಿ ಮುಳುಗಿದೆ. ಒಂದೇ ಸಲ ಹಾಕುತ್ತಾರೆ, ನಿಲ್ಲಿಸುವುದಿಲ್ಲ. ಕೊನೆಯ ಪ್ರಶ್ನೆಗಳಿಗೆ ಹಾಳೆಯ ಮೇಲೆ ಏನೂ ಅಚ್ಚಾಗಿರುವುದಿಲ್ಲ. ಯಾರೋ ಒಂದು ಮಾತು ಹೇಳುತ್ತಾರೆ, ಮೂರು ಉತ್ತರ ಕೇಳಿಸುತ್ತಾರೆ, ತಕ್ಷಣ ಗುರುತು ಹಾಕಬೇಕು. ಒಂದು ಪದ ಗೊತ್ತಾಗಲಿಲ್ಲ ಅಂತ ಅಲ್ಲೇ ನಿಂತೆ. ಅಷ್ಟರಲ್ಲಿ ಎರಡು ಪ್ರಶ್ನೆ ದಾಟಿ ಹೋಗಿದ್ದವು.

ಫಲಿತಾಂಶ ಜನವರಿ ಕೊನೆಗೆ ಆನ್‌ಲೈನಿನಲ್ಲಿ ಬಂತು. 180ಕ್ಕೆ 96. ಪಾಸಿಗೆ 90 ಸಾಕು. ಕುಣಿದುಬಿಟ್ಟೆ. ಮಗಳಿಗೆ ಫೋನ್ ಮಾಡಿ ಹೇಳಿಯೂ ಆಯಿತು. ಆಮೇಲೆ ಕೆಳಗೆ ನೋಡಿದರೆ ಫೇಲು. ಒಟ್ಟು ಅಂಕ ಇದ್ದರೆ ಸಾಲದು. ಭಾಷೆ ಮತ್ತು ಓದಿನಲ್ಲಿ 120ಕ್ಕೆ 38, ಕೇಳುವುದರಲ್ಲಿ 60ಕ್ಕೆ 19 ಕನಿಷ್ಠ ಬೇಕು. ನನಗೆ 79 ಮತ್ತು 17. ಎರಡು ಅಂಕ. ಈ ನಿಯಮ ಗೊತ್ತಿರಲಿಲ್ಲ ಅಂತಲ್ಲ, ಓದಿದ್ದೆ, ನನಗೆ ಸಂಬಂಧವಿಲ್ಲ ಅಂತ ಬಿಟ್ಟಿದ್ದೆ. ಮಗಳಿಗೆ ಮತ್ತೆ ಫೋನ್ ಮಾಡುವುದಿದೆಯಲ್ಲ, ಅದು ಪರೀಕ್ಷೆಗಿಂತ ಕಷ್ಟವಾಯಿತು. ಎರಡು ವಾರ ಪುಸ್ತಕ ಮುಟ್ಟಲಿಲ್ಲ.

ಮತ್ತೆ ಎಬ್ಬಿಸಿದ್ದು ಶನಿವಾರದ ಅಜ್ಜಿ. ಭಾಷೆ ಅದಲುಬದಲು ಮಾಡಿಕೊಳ್ಳುವ ಒಂದು ಆ್ಯಪಿನಲ್ಲಿ ಸಿಕ್ಕ ಜಪಾನಿನ ನಿವೃತ್ತ ಶಿಕ್ಷಕಿ. 71 ವಯಸ್ಸು, ಅವರಿಗೆ ಇಂಗ್ಲಿಷ್ ಕಲಿಯುವ ಹಂಬಲ. ಅರ್ಧ ಗಂಟೆ ಜಪಾನೀಸ್, ಅರ್ಧ ಗಂಟೆ ಇಂಗ್ಲಿಷ್ ಅಂತ ಒಪ್ಪಂದ. ಫೇಲಾದೆ ಅಂತ ಹೇಳಿದೆ. ಅವರು ಸಮಾಧಾನ ಏನೂ ಹೇಳದೆ, "ಹಾಗಾದರೆ ಇವತ್ತು ಮುಖ ತೋರಿಸಬೇಡಿ" ಅಂತ ಕ್ಯಾಮೆರಾ ಆಫ್ ಮಾಡಿಸಿದರು. ಅವರ ತುಟಿ, ಕೈಸನ್ನೆ ನೋಡಿಕೊಂಡು ನಾನು ಅರ್ಥ ಊಹಿಸುತ್ತಿದ್ದೆ ಅನ್ನುವುದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಆರು ತಿಂಗಳು ಕತ್ತಲಲ್ಲೇ ಮಾತಾಡಿದೆವು. ಅದರ ಜೊತೆಗೆ ದಿನಾ ಎರಡು ನಿಮಿಷದ ಒಂದು ಸಂಭಾಷಣೆ, ಅದೇ ಸಂಭಾಷಣೆ ಹತ್ತು ಸಲ, ಕೇಳುತ್ತಲೇ ಹಿಂದಿನಿಂದ ಹೇಳುತ್ತಾ ಹೋಗುವುದು. ಹೊಸ ಹೊಸದು ಕೇಳುವುದಕ್ಕಿಂತ ಇದೇ ನನಗೆ ಹತ್ತಿದ್ದು. ತಿಳಿಯದ ಪದ ಬಂದರೆ ಬಿಟ್ಟು ಮುಂದೆ ಹೋಗುವ ಅಭ್ಯಾಸವೂ ಆಯಿತು.

ಒಂದು ಶನಿವಾರ ಅವರ ಮೊಮ್ಮಗ ಎಲ್ಲಿಗೋ ಹೊರಟಿದ್ದ. ದೂರದಿಂದ ಅವನ ಧ್ವನಿ: "ಇತ್ತೆಕಿಮಾಸ್!" ಇವರು: "ಇತ್ತೆರಶ್ಶಾಯ್!" ಇದು ಮೊದಲನೇ ತಿಂಗಳೇ ಬಾಯಿಪಾಠ ಮಾಡಿದ್ದ ಮಾತು. ಮನೆಯಿಂದ ಹೊರಡುವಾಗ ಹೇಳುವುದು ಅಂತ ಪುಸ್ತಕದಲ್ಲಿತ್ತು. ಕತ್ತಲಲ್ಲಿ ಕೂತು ಕೇಳಿದಾಗ ಒಡೆದು ಕೇಳಿಸಿತು. ಇತ್ತೆ, ಹೋಗಿ. ಕಿಮಾಸ್, ಬರ್ತೀನಿ. ಹೋಗಿ ಬರ್ತೀನಿ! ಇವರು ಅಂದದ್ದು ಹೋಗಿ ಬಾ. ನನಗೆ ಗಂಟಲು ಕಟ್ಟಿತು. ಬರೀ 'ಹೋಗ್ತೀನಿ' ಅಂದರೆ ಅಮ್ಮ ಬಾಗಿಲಲ್ಲೇ ನಿಲ್ಲಿಸಿ, "ಹೋಗಿ ಬರ್ತೀನಿ ಅನ್ನು" ಅಂತ ಹೇಳಿಸಿ ಕಳಿಸುತ್ತಿದ್ದರು. ಎಲ್ಲ ಮರೆತ ಮೇಲೂ ಅದನ್ನು ಮಾತ್ರ ತಿದ್ದುತ್ತಿದ್ದರು. ಅವತ್ತು ಅಜ್ಜಿಗೆ ಇದನ್ನೆಲ್ಲ ಹೇಳಲು ನನ್ನ ಜಪಾನೀಸ್ ಸಾಲಲಿಲ್ಲ. ಆದರೂ ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ, ಅವರ ಇಂಗ್ಲಿಷ್ ಪಾಲು ಅವತ್ತು ಮುಳುಗಿಹೋಯಿತು.

2025ರ ಜುಲೈಗೆ ಅರ್ಜಿ ಮೊದಲ ದಿನವೇ ಹಾಕಿದೆ, ಅಪ್ಪನ ಹೆಸರು ಪೂರ್ತಿ ಬಿಡಿಸಿ. ಶುಲ್ಕ ಇನ್ನೊಮ್ಮೆ ಪೂರ್ತಿ ಕಟ್ಟಬೇಕು, ಪಾಸಾದ ಭಾಗದ ಅಂಕ ಮುಂದಕ್ಕೆ ಬರುವುದಿಲ್ಲ. ಗೇಟಿನಲ್ಲಿ ಯಾರೂ ನಿಲ್ಲಿಸಲಿಲ್ಲ. ಕೇಳುವ ಭಾಗದಲ್ಲಿ ಕಣ್ಣು ಮುಚ್ಚಿಕೊಂಡು ಕೂತೆ, ಗುರುತು ಹಾಕುವಾಗ ಮಾತ್ರ ತೆರೆದೆ. 'ಮಾನ್' ಮತ್ತೆ ಬಂತು, ಮತ್ತೆ ತಪ್ಪಿತು. ಬಿಟ್ಟು ಮುಂದೆ ಹೋದೆ. ಆಗಸ್ಟ್ ಕೊನೆಗೆ ಫಲಿತಾಂಶ: 84 ಮತ್ತು 33, ಒಟ್ಟು 117. ಈ ಸಲ ಮೂರು ಸಲ ಓದಿ, ಆಮೇಲೆ ಮಗಳಿಗೆ ಫೋನ್ ಮಾಡಿದೆ. ಕಾಗದದ ಪ್ರಮಾಣಪತ್ರ ಬರಲು ಇನ್ನೂ ವಾರಗಟ್ಟಲೆ ಹಿಡಿಯುತ್ತದೆ. ಕೆಲಸಕ್ಕೋ ವೀಸಾಕ್ಕೋ ಬೇಕಿದ್ದರೆ ಆ ಲೆಕ್ಕ ಇಟ್ಟುಕೊಂಡೇ ಅರ್ಜಿ ಹಾಕಿ. ನನಗೆ ಅಂಥ ಅವಸರವಿರಲಿಲ್ಲ.

ಮರೆವು ತಡವಾಗಿ ಬರುತ್ತದೋ ಇಲ್ಲವೋ ಗೊತ್ತಾಗಲು ನನಗಿನ್ನೂ ವರ್ಷಗಳಿವೆ. ಸದ್ಯಕ್ಕೆ ಆಗಿರುವುದು ಬೇರೆ. ಬಸ್ಸಿನಲ್ಲಿ ಯಾರಾದರೂ "ಇಟ್ಕೋ", "ಹೇಳ್ಬಿಟ್ಟೆ", "ಕೇಳಿ ನೋಡು" ಅಂದರೆ ಕಿವಿ ನಿಮಿರುತ್ತದೆ. 50 ವರ್ಷ ಆಡಿದ ಮಾತನ್ನು ಈಗ ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದೇನೆ.

ಅಜ್ಜಿ ಇಂಗ್ಲಿಷ್ ಪಾಲಿನಲ್ಲಿ ಹತ್ತು ನಿಮಿಷ ಕಡಿತ ಮಾಡಿಕೊಂಡಿದ್ದಾರೆ. ಆ ಹತ್ತು ನಿಮಿಷ ಕನ್ನಡ. ಅವರಿಗೆ ಲ, ರ, ಳ ಮೂರೂ ಒಂದೇ. ನಿನ್ನೆ 'ಒಂದು ಹುಡುಗ' ಅಂದರು. 'ಒಬ್ಬ ಹುಡುಗ' ಅಂತ ತಿದ್ದಿದೆ. ಯಾಕೆ ಅಂತ ಕೇಳಿದರು. ನಾನು ಬೆರಳು ಎತ್ತಿ, "ಹಿತೊರಿ, ಫುತರಿ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ನರುಹೊದೊ" ಅಂದರು. ಓ, ಹಾಗಾ ಅಂತ.